ರಾಜೀನಾಮೆಗೆ ಮುನ್ನ ಒಂದು ಮಳೆಗಾಲ

ಬೆಂಗಳೂರಿನ ಐಟಿ ಕೆಲಸ ಸಾಕಾಗಿ ಕೊಡಗಿನ ತೋಟಕ್ಕೆ ಮರಳುವ ಯೋಚನೆಯೇ? ಜನವರಿಯಲ್ಲಿ ಬಂದು ನಿರ್ಧರಿಸಬೇಡಿ. ಆಗ ಕಾಫಿ ಹಣ್ಣಾಗಿರುತ್ತದೆ, ಬಿಸಿಲೂ ಹಿತ. ರಜೆ ಹಾಕಿ ಜುಲೈಯಲ್ಲಿ ಬನ್ನಿ. ಕರೆಂಟು ಹೋಗಿ, ಹೋಂಸ್ಟೇ ಖಾಲಿ ಬಿದ್ದಿರುವಾಗ ಕೂತು ಲೆಕ್ಕ ಹಾಕಿ.

ಹೊಸದಾಗಿ ನೆಟ್ಟ ಕಾಫಿ ಗಿಡ ಫಸಲಿಗೆ ಬರಲು 3-4 ವರ್ಷ ಬೇಕು. ಬಂದ ಮೇಲೂ, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಕೈಕೊಟ್ಟರೆ ಮುಂದಿನ ಕೊಯ್ಲು ಕುಸಿಯುತ್ತದೆ. (ಬಾಸ್ ಇಲ್ಲದ ಬದುಕು ಅನ್ನುತ್ತಾರೆ, ಇಲ್ಲಿ ಮಳೆಯೇ ಬಾಸ್.) ಹಿರಿಯರು ನೆರಳುಮರಕ್ಕೆ ಕರಿಮೆಣಸು ಹಬ್ಬಿಸಿ, ಕಾಫಿಯ ನಡುವೆ ಕಿತ್ತಳೆ, ಏಲಕ್ಕಿ ಬೆಳೆದದ್ದು ಸುಮ್ಮನೆ ಅಲ್ಲ, ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಲೆಂದು. ನೀವೂ ತೋಟದ ಜೊತೆ ಹಳೆಯ ಐಟಿ ಕಸುಬನ್ನು ವಾರಕ್ಕೆರಡು ದಿನವಾದರೂ ಇಟ್ಟುಕೊಳ್ಳಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಒಮ್ಮೆ ಹೋಗಿ ಮಾತಾಡಿ. ರಾಜೀನಾಮೆ ಪತ್ರ ಆಮೇಲೆ ಬರೆಯಿರಿ.