ನದೀತೀರದ ನಿಧಿಶೋಧ: ಮಕ್ಕಳ ನಡಿಗೆಗೊಂದು ನೆಪ

ನಡಿಗೆ ಆರೋಗ್ಯಕ್ಕೆ ಹಿತಕರವೆಂಬುದನ್ನು ಅರಿಯದವರಿಲ್ಲ. ಆದರೆ ಗುರಿಯಿಲ್ಲದ ನಡಿಗೆಯಲ್ಲಿ ಮಕ್ಕಳ ಮನಸ್ಸು ನಿಲ್ಲುವುದಿಲ್ಲ. ನಾಲ್ಕು ಹೆಜ್ಜೆ ಇಡುವಷ್ಟರಲ್ಲೇ "ಇನ್ನೆಷ್ಟು ದೂರ?" ಎಂಬ ಪ್ರಶ್ನೆ ಏಳುತ್ತದೆ. ಮುಂದಿನ ಮರದ ಬುಡದಲ್ಲಿ ಏನೋ ಅಡಗಿದೆಯೆಂದರೆ ಅದೇ ಮಗು ದಣಿವನ್ನು ಮರೆತು ಓಡುತ್ತದೆ. ಈ ಸಹಜ ಕುತೂಹಲವನ್ನೇ ವ್ಯಾಯಾಮಕ್ಕೆ ತೊಡಗಿಸುವ ಆಟವೇ ಜಿಯೋಕ್ಯಾಚಿಂಗ್.

ಆಟದ ಹುಟ್ಟು

ಉಪಗ್ರಹಗಳ ನೆರವಿನಿಂದ ಸ್ಥಳವನ್ನು ಗುರುತಿಸುವ ಜಿ.ಪಿ.ಎಸ್. ವ್ಯವಸ್ಥೆಯ ಸಂಕೇತಗಳಲ್ಲಿ ಅಮೆರಿಕ ಸರ್ಕಾರವು ಮೊದಲು ಉದ್ದೇಶಪೂರ್ವಕವಾಗಿ ದೋಷವನ್ನು ಬೆರೆಸುತ್ತಿತ್ತು. 2000ದ ಮೇ 2ರಂದು ಇದು ನಿಂತಿತು. ಮರುದಿನವೇ ಡೇವ್ ಅಲ್ಮರ್ ಎಂಬವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಬಕೆಟ್ಟನ್ನು ಅಡಗಿಸಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಮೈಕ್ ಟೀಗ್ ಎಂಬವರು ಅದನ್ನು ಪತ್ತೆಹಚ್ಚಿದರು. ಅಲ್ಲಿಂದ ಈ ಆಟ ಜಗತ್ತಿಗೆಲ್ಲ ಹಬ್ಬಿತು.

ಆಡುವ ಕ್ರಮ

ಅಡಗಿಸಿಟ್ಟ ಡಬ್ಬಿಯ ಸ್ಥಾನವನ್ನು ಮೊಬೈಲಿನಲ್ಲಿ ನೋಡಿಕೊಂಡು ಹೊರಡಬೇಕು. ಉಪಕರಣವು ಕೆಲವು ಮೀಟರುಗಳ ಅಂತರದವರೆಗೆ ಮಾತ್ರ ದಾರಿ ತೋರಬಲ್ಲದು; ದಟ್ಟ ಮರಗಳ ಕೆಳಗೆ ಅದೂ ತಪ್ಪಬಹುದು. ಮುಂದಿನದು ಕಣ್ಣಿನ ಕೆಲಸ. ಡಬ್ಬಿ ಸಿಕ್ಕಾಗ ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲಿಯೇ ಇಡಬೇಕು. ಪುಟ್ಟ ಆಟಿಕೆಯೊಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ಆಹಾರಪದಾರ್ಥಗಳನ್ನು ಇಡಬಾರದು, ವಾಸನೆಗೆ ಪ್ರಾಣಿಗಳು ಬರುತ್ತವೆ. ಹುಡುಕಾಟದ ಕಷ್ಟಕ್ಕೂ ನೆಲದ ದುರ್ಗಮತೆಗೂ 1ರಿಂದ 5ರವರೆಗೆ ಪ್ರತ್ಯೇಕ ಅಂಕಗಳಿವೆ. ಮಕ್ಕಳೊಡನೆ ಹೋಗುವವರು 1 ಅಥವಾ 2 ಅಂಕದವನ್ನು ಆಯ್ದುಕೊಳ್ಳುವುದು ಲೇಸು.

ಆರೋಗ್ಯಲಾಭ

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ಮೂರು ಡಬ್ಬಿಗಳ ಶೋಧದಲ್ಲಿ ಅದರ ಬಹುಪಾಲು ಅರಿವಿಲ್ಲದೆಯೇ ಸಲ್ಲುತ್ತದೆ. ಬಯಲಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ತಲೆದೋರುವ ಸಂಭವವೂ ಕಡಿಮೆ.

ನದಿಯ ಎಚ್ಚರ

ಈ ಆಟ ಹುಟ್ಟಿದ ಸೀಮೆಯಲ್ಲಿಯೇ ಕ್ಲ್ಯಾಕಮಸ್ ನದಿ ಹರಿಯುತ್ತದೆ. ಅದರ ತೀರದಲ್ಲಿ, ಎಸ್ಟಕೇಡಾ ಪಟ್ಟಣದ ಸಮೀಪ, ಮೈಲೋ ಮೆಕ್‌ಐವರ್ ಉದ್ಯಾನವಿದೆ. ನೋಟ ರಮಣೀಯ; ಆದರೆ ಕ್ಯಾಸ್ಕೇಡ್ ಪರ್ವತಗಳಿಂದ ಇಳಿದುಬರುವ ಆ ನೀರು ಬೇಸಗೆಯಲ್ಲಿಯೂ ತಣ್ಣಗಿರುತ್ತದೆ. ತಣ್ಣೀರಿಗೆ ಹಠಾತ್ತನೆ ಬಿದ್ದವರು ತಮಗರಿವಿಲ್ಲದೆ ಉಸಿರನ್ನು ಒಳಗೆಳೆದುಕೊಳ್ಳುತ್ತಾರೆ; ಉಸಿರಿನೊಡನೆ ನೀರೂ ಒಳಸೇರಬಹುದು. ಕೆಲವೇ ನಿಮಿಷಗಳಲ್ಲಿ ಕೈಕಾಲುಗಳು ಸೋಲುತ್ತವೆ. ಈಜು ಬಲ್ಲವರಿಗೂ ಇದು ತಪ್ಪಿದ್ದಲ್ಲ. ಅಲ್ಲದೆ, ಆ ಭಾಗದ ಪೊದೆಗಳಲ್ಲಿ ಮೂರು ಮೂರು ಎಲೆಗಳ ಪಾಯಿಸನ್ ಓಕ್ ಎಂಬ ಗಿಡ ಬೆಳೆಯುತ್ತದೆ. ಅದು ಸೋಕಿದರೆ ಮೈಯೆಲ್ಲ ತುರಿಸಿ ಬೊಬ್ಬೆಗಳೇಳಬಹುದು. ಕಾಣದ ಕಡೆ ಕೈಯಿಡುವ ಮುನ್ನ ಕೋಲಿನಿಂದ ಸರಿಸಿ ನೋಡಬೇಕು. ಮನೆಗೆ ಮರಳಿದೊಡನೆ ಉಣ್ಣೆಹುಳುಗಳಿವೆಯೇ ಎಂದು ಮಕ್ಕಳ ಮೈಯನ್ನು ಪರೀಕ್ಷಿಸಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯವು ಆಟದೊಳಗೇ ಇದೆ. ಹಿರಿಯರೆಲ್ಲರ ಕಣ್ಣು ಮೊಬೈಲಿನ ಮೇಲೆ ನೆಟ್ಟಿರುವಾಗ ಮಗು ದಡದತ್ತ ಸರಿಯಲು ಕ್ಷಣಕಾಲ ಸಾಕು. ಆದುದರಿಂದ ಒಬ್ಬ ಹಿರಿಯರು ಹುಡುಕಾಟದಲ್ಲಿ ತೊಡಗಲೇಬಾರದು. ಮಕ್ಕಳನ್ನು ನೋಡಿಕೊಳ್ಳುವುದೊಂದೇ ಅವರ ಕೆಲಸವಾಗಬೇಕು. ಮಕ್ಕಳು ಮೊಮ್ಮಕ್ಕಳನ್ನು ಕಾಣಲು ಅಮೆರಿಕೆಗೆ ಹೋಗುವ ಅಜ್ಜ ಅಜ್ಜಿಯರು ಏರುದಾರಿಯನ್ನು ಹತ್ತಲಾಗದೆ ಹಿಂದುಳಿದೆವೆಂದು ಕೊರಗಬೇಕಾಗಿಲ್ಲ. ಸಮತಟ್ಟಾದ ದಡದಲ್ಲಿ ಮೊಮ್ಮಗುವಿನ ಕೈ ಹಿಡಿದು ನಿಂತವರದೇ ಅಲ್ಲಿ ಹಿರಿಯ ಹೊಣೆ. ಡಬ್ಬಿ ಸಿಗದಿದ್ದರೆ ಮತ್ತೊಂದು ದಿನವಿದೆ. ಮನೆಮಂದಿಯೆಲ್ಲ ಕ್ಷೇಮವಾಗಿ ಮರಳುವುದೇ ಆ ದಿನದ ನಿಜವಾದ ನಿಧಿ.