ವಸತಿ ಬೀದಿಗಳ ಕೂಡುರಸ್ತೆಯಲ್ಲಿ ‘ನಿಲ್ಲಿ’ ಫಲಕ: ಪರಿಶೀಲನೆಯ ಕ್ರಮ

ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣವು ತುಂಗಭದ್ರೆಯ ದಡದಲ್ಲಿ, ಹರಿಹರಕ್ಕೆ ಎದುರಾಗಿ ಬೆಳೆದ ಕೈಗಾರಿಕಾ ಊರು. ಇಂತಹ ಊರುಗಳಲ್ಲಿ ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತಿಗೆ ವಾಹನಗಳು ಒಮ್ಮೆಲೇ ರಸ್ತೆಗಿಳಿಯುತ್ತವೆ. ಮಕ್ಕಳು ಅದೇ ಬೀದಿಗಳನ್ನು ದಾಟಿ ಶಾಲೆಗೆ ಹೋಗುತ್ತಾರೆ. ಮೂಲೆ ಮೂಲೆಗೂ ಫಲಕ ಬೇಕೆಂಬ ಬೇಡಿಕೆ ವಾರ್ಡ್ ಸಭೆಗೆ ಬರುವುದು ಸಹಜ. ಅದನ್ನು ಒಪ್ಪುವ ಅಥವಾ ನಿರಾಕರಿಸುವ ಮೊದಲು ಸ್ಥಳ ಪರಿಶೀಲನೆ ನಡೆಸುವ ಬಗೆಯನ್ನು ಗ್ರಾಮ ಪಂಚಾಯಿತಿ ಸದಸ್ಯರಿಗೂ ಸಿಬ್ಬಂದಿಗೂ ತಿಳಿಸುವುದು ಈ ಪಾಠದ ಉದ್ದೇಶ.

1. ಫಲಕದ ಅರ್ಥ

ಭಾರತೀಯ ರಸ್ತೆ ಕಾಂಗ್ರೆಸ್‌ನ ಐಆರ್‌ಸಿ 67 ಸಂಹಿತೆಯಂತೆ ಎಂಟು ಮೂಲೆಯ ಕೆಂಪು ಫಲಕ ಕಂಡ ಚಾಲಕನು ವಾಹನವನ್ನು ಪೂರ್ಣವಾಗಿ ನಿಲ್ಲಿಸಿ, ನೋಡಿ, ದಾರಿ ಬಿಟ್ಟು ಮುಂದುವರಿಯಬೇಕು. ತಲೆಕೆಳಗಾದ ತ್ರಿಕೋನವು ‘ದಾರಿ ಬಿಡಿ’ ಎನ್ನುತ್ತದೆ. ಅಲ್ಲಿ ಅಗತ್ಯವಿದ್ದರೆ ಮಾತ್ರ ನಿಲ್ಲಬೇಕು. 1988ರ ಮೋಟಾರು ವಾಹನಗಳ ಅಧಿನಿಯಮದ 119ನೇ ಪ್ರಕರಣವು ಫಲಕಗಳ ಪಾಲನೆಯನ್ನು ಕಡ್ಡಾಯಗೊಳಿಸಿದೆ. 116ನೇ ಪ್ರಕರಣದಂತೆ ಅವುಗಳನ್ನು ಸ್ಥಾಪಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ನೀಡಿದ ಪ್ರಾಧಿಕಾರಕ್ಕೆ ಸೇರಿದ್ದು. ಆದ್ದರಿಂದ ಪಂಚಾಯಿತಿಯು ಪೊಲೀಸ್ ಮತ್ತು ಇಂಜಿನಿಯರಿಂಗ್ ವಿಭಾಗಗಳೊಡನೆ ಸಮಾಲೋಚಿಸಿಯೇ ಮುಂದುವರಿಯತಕ್ಕದ್ದು.

2. ಫಲಕವು ವೇಗಕ್ಕೆ ಮದ್ದಲ್ಲ

ವೇಗ ತಗ್ಗಿಸಲೆಂದು ‘ನಿಲ್ಲಿ’ ಫಲಕ ಬಳಸಬಾರದೆಂದು ಅಮೆರಿಕದ ರಾಷ್ಟ್ರೀಯ ಸಂಚಾರ ಕೈಪಿಡಿಯೂ ಹೇಳುತ್ತದೆ. ಅಡ್ಡ ಬರುವ ವಾಹನವೇ ಇಲ್ಲದ ಮೂಲೆಯಲ್ಲಿ ನಿತ್ಯ ನಿಲ್ಲಬೇಕಾದ ಚಾಲಕನು ಕ್ರಮೇಣ ನಿಲ್ಲದೆ ಸಾಗುವ ರೂಢಿ ಮಾಡಿಕೊಳ್ಳುತ್ತಾನೆ. ಆ ರೂಢಿ ನಿಜವಾಗಿ ಅಪಾಯವಿರುವ ಮೂಲೆಗೂ ಹಿಂಬಾಲಿಸುತ್ತದೆ. ಫಲಕವನ್ನು ನಂಬಿ ರಸ್ತೆಗಿಳಿದ ಮಗು ಅದರ ಬೆಲೆ ತೆರಬೇಕಾದೀತು.

3. ಪರಿಶೀಲನೆಯ ಹಂತಗಳು

ಅ) ಕೂಡುವ ರಸ್ತೆಗಳಲ್ಲಿ ಮುಖ್ಯವಾದುದು ಯಾವುದೆಂದು ಗುರುತಿಸುವುದು. ಮುಖ್ಯ ರಸ್ತೆಯ ವಾಹನಕ್ಕೆ, ಅಂತಹ ಭೇದವಿಲ್ಲದೆಡೆ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡುವುದು ನಿಯಮ.

ಆ) ನೋಟ ಅಳೆಯುವುದು. ಉಪರಸ್ತೆಯಲ್ಲಿ ಕೂಡುಸ್ಥಳದಿಂದ 15 ಮೀಟರ್ ಹಿಂದೆ, ನೆಲದಿಂದ 1.2 ಮೀಟರ್ ಎತ್ತರದಲ್ಲಿ ಕಣ್ಣಿಟ್ಟು ಎರಡೂ ಬದಿ ನೋಡಬೇಕು. ಮುಖ್ಯ ರಸ್ತೆಯ ವಾಹನವು 8 ಸೆಕೆಂಡಿನಲ್ಲಿ ಕ್ರಮಿಸುವಷ್ಟು ದೂರ ಕಾಣಬೇಕು. ಗಂಟೆಗೆ 30 ಕಿ.ಮೀ. ವೇಗಕ್ಕೆ ಇದು ಸುಮಾರು 67 ಮೀಟರ್, 40 ಕಿ.ಮೀ.ಗೆ 89 ಮೀಟರ್.

ಇ) ನೋಟಕ್ಕೆ ಅಡ್ಡವಾದುದನ್ನು ಪಟ್ಟಿ ಮಾಡುವುದು: ಜಾಲಿ ಪೊದೆ, ಇಟ್ಟಿಗೆ ರಾಶಿ, ನಿಲ್ಲಿಸಿದ ಟ್ರೇಲರ್, ಫ್ಲೆಕ್ಸ್, ಕಾಂಪೌಂಡ್ ಗೋಡೆ.

ಈ) ಪಾಳಿ ಬದಲಾಗುವಾಗ, ಶಾಲೆ ಬಿಡುವಾಗ ಮತ್ತು ರಾತ್ರಿ, ಹೀಗೆ ಮೂರು ಹೊತ್ತು ವಾಹನ ಮತ್ತು ಪಾದಚಾರಿಗಳನ್ನು ಎಣಿಸುವುದು. ಫಲಕ ಈಗಾಗಲೇ ಇದ್ದಲ್ಲಿ ಪೂರ್ಣ ನಿಂತವರೆಷ್ಟು ಎಂಬುದನ್ನೂ ಬರೆದುಕೊಳ್ಳುವುದು.

ಉ) ಪೊಲೀಸ್ ಠಾಣೆಯಿಂದ ಅಪಘಾತಗಳ ವಿವರ ಪಡೆಯುವುದು.

4. ನಿರ್ಣಯ

ತೆಗೆಯಬಹುದಾದ ಅಡ್ಡಿಯನ್ನು ಮೊದಲು ತೆಗೆದು ಮತ್ತೆ ಅಳೆಯಬೇಕು. ನೋಟ ಸಾಕಷ್ಟಿದ್ದರೆ ‘ದಾರಿ ಬಿಡಿ’ ಫಲಕವೇ ಸಾಕಾಗಬಹುದು. ಕಟ್ಟಡದಂತಹ ಶಾಶ್ವತ ಅಡ್ಡಿಯಿದ್ದರೆ ಉಪರಸ್ತೆಗೆ ‘ನಿಲ್ಲಿ’ ಫಲಕ, ಬಿಳಿಯ ನಿಲುಗಡೆ ಗೆರೆಯೊಡನೆ ಅವಶ್ಯ. ವೇಗವೇ ತೊಂದರೆಯಾಗಿದ್ದರೆ ಅದಕ್ಕೆ ರಸ್ತೆ ಉಬ್ಬು ಬೇರೆಯೇ ಉಪಾಯ. ಐಆರ್‌ಸಿ 99ರ 1988ರ ಮಾರ್ಗಸೂಚಿಯು ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ ಉಬ್ಬನ್ನು ಸೂಚಿಸಿತ್ತು. ಬೀದಿಗೆ ಅಡ್ಡಲಾಗಿ ಸುರಿದ ಕಿರಿದಾದ ಡಾಂಬರಿನ ದಿಬ್ಬ ಈ ಅಳತೆಗೆ ಸೇರದು. ರೋಗಿಯನ್ನು ಸಾಗಿಸುವ ವಾಹನಕ್ಕೂ ಅದು ಕಂಟಕ.

ಅನಗತ್ಯವೆಂದು ಕಂಡ ಫಲಕವನ್ನು ರಾತ್ರೋರಾತ್ರಿ ಕೀಳಬಾರದು. ಕಾರಣಗಳನ್ನು ವಾರ್ಡ್ ಸಭೆಯಲ್ಲಿ ಓದಿ ಹೇಳಿ, ಸಮಾಲೋಚನೆಯ ನಂತರವೇ ತೆರವುಗೊಳಿಸತಕ್ಕದ್ದು. ಮಳೆಗಾಲ ಕಳೆದ ಮೇಲೆ ಪೊದೆ ಮತ್ತೆ ಬೆಳೆಯುವುದರಿಂದ ಅಳತೆಯನ್ನು ಪುನಃ ನಡೆಸುವುದು ಒಳಿತು.

5. ಅಭ್ಯಾಸ

ಒಂದು ಮುಖ್ಯ ಬೀದಿಯಲ್ಲಿ ವಾಹನಗಳ ವೇಗ ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್. ಉಪರಸ್ತೆಯಿಂದ 50 ಮೀಟರ್ ಮಾತ್ರ ಕಾಣುತ್ತದೆ. ಪೊದೆ ಕಡಿದರೆ 90 ಮೀಟರ್ ಕಾಣುತ್ತದೆ. ಮೊದಲ ಕ್ರಮ ಏನಾಗಿರಬೇಕು?

ಉತ್ತರ: 80 ಮೀಟರ್ ಬೇಕಾಗಿದ್ದು, 30 ಮೀಟರ್ ಕೊರತೆಯಿದೆ. ಇಲ್ಲಿ ಫಲಕಕ್ಕಿಂತ ಮೊದಲು ಬೇಕಾದುದು ಕುಡುಗೋಲು.