ಹೆಸರು ಮರೆತ ಹಳೇ ಹತಾರ: ಗುರುತು ಹಿಡಿಯುವ ಸೂತ್ರಗಳು

ನಾಗಪುರದ ಗುಜರಿ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಆ ಊರು ಏನೇನು ಕಸುಬು ಮಾಡಿ ಬದುಕಿತು ಎಂಬುದು ರಾಶಿ ರಾಶಿಯಾಗಿ ಕಣ್ಣೆದುರು ಬಿದ್ದಿರುತ್ತದೆ. ಜಮ್ಷೆಟ್‌ಜಿ ಟಾಟಾ 1877ರಲ್ಲಿ ಶುರು ಮಾಡಿದ ಎಂಪ್ರೆಸ್ ಮಿಲ್ ಇದ್ದ ಜಾಗದಲ್ಲಿ ಈಗ ಮಾಲ್ ಇದೆ. ಎತ್ತಿನ ಗಾಡಿಗಳು ಕಡಿಮೆಯಾಗಿವೆ, ಪಿಂಜಾರನ ಬಿಲ್ಲಿನ ಸದ್ದು ಅಡಗಿದೆ. ಅಲ್ಲಿಂದೆಲ್ಲ ಹೊರಬಿದ್ದ ಕಬ್ಬಿಣ, ಹಿತ್ತಾಳೆ, ಮರದ ಸಾಮಾನು ಕಿಲೋಗೆ ಇಷ್ಟು ಎಂದು ಕೈ ಬದಲಾಯಿಸಿ ಕೊನೆಗೆ ಕುಲುಮೆ ಸೇರುತ್ತದೆ. ಗುರುತು ಸಿಕ್ಕ ಹತಾರವನ್ನು ಯಾರೋ ಒಬ್ಬರು ಉಳಿಸಿಕೊಳ್ಳುತ್ತಾರೆ. ಗುರುತು ಸಿಗದ್ದು ಕರಗುತ್ತದೆ. ಆದ್ದರಿಂದ ಗುರುತು ಹಿಡಿಯುವುದನ್ನು ಕಲಿಯಬೇಕು, ಬೇಗ ಕಲಿಯಬೇಕು.

1. ತೊಳೆಯಬೇಡಿ, ಉಜ್ಜಬೇಡಿ

ಹಳೇ ಸಾಮಾನು ಕೈಗೆ ಬಂದ ಕೂಡಲೇ ಮರಳುಕಾಗದ ಹುಡುಕುವ ಚಾಳಿ ಬಹಳ ಜನಕ್ಕಿದೆ. ಅದನ್ನು ಬಿಡಿ. ಸಂದಿಯಲ್ಲಿ ಸಿಕ್ಕಿಕೊಂಡ ಹತ್ತಿಯ ನಾರು, ಹಿಡಿಗೆ ಅಂಟಿದ ಚಪ್ಪಲಿ ಹೊಲಿಯುವವರ ಮೇಣ, ಅಲಗಿನ ಬುಡದಲ್ಲಿ ಒಣಗಿದ ಗಿಡದ ಅಂಟು, ಇವೇ ನಿಮ್ಮ ಮೊದಲ ಸಾಕ್ಷಿಗಳು. ತಯಾರಕರ ಮುದ್ರೆಯ ಆಳ ಎಷ್ಟೋ ಸಲ ಉಗುರಿನ ದಪ್ಪದಷ್ಟೂ ಇರುವುದಿಲ್ಲ, ನಾಲ್ಕು ಸಲ ಉಜ್ಜಿದರೆ ಹೋಯಿತು. ಒಣ ಬ್ರಷ್ಷಿನಿಂದ ಧೂಳು ಕೊಡವಿ, ಎಲ್ಲ ಮಗ್ಗುಲಿಂದ ಫೋಟೊ ತೆಗೆದುಕೊಳ್ಳಿ. ಸಂಜೆಯ ಓರೆ ಬಿಸಿಲಿನಲ್ಲಿ ಹಿಡಿದು ನೋಡಿದರೆ ಮಾಸಿದ ಅಕ್ಷರಗಳು ಎದ್ದು ಕಾಣುತ್ತವೆ.

2. ಹೆಸರು ಆಮೇಲೆ, ಕೆಲಸ ಮೊದಲು

ಇದು ಏನು ಎಂದು ಕೇಳಿಕೊಂಡರೆ ತಲೆ ಅಲ್ಲೇ ನಿಲ್ಲುತ್ತದೆ. ಇದು ಏನು ಮಾಡುತ್ತಿತ್ತು ಎಂದು ಕೇಳಿಕೊಳ್ಳಿ. ಕಡಿಯುತ್ತಿತ್ತೆ, ಬಡಿಯುತ್ತಿತ್ತೆ, ಕೊರೆಯುತ್ತಿತ್ತೆ, ಅಳೆಯುತ್ತಿತ್ತೆ, ಗೀರು ಹಾಕುತ್ತಿತ್ತೆ, ಇಲ್ಲ ಬರೀ ಹಿಡಿದುಕೊಳ್ಳುತ್ತಿತ್ತೆ? ಹಿಡಿದುಕೊಳ್ಳುವ ಹತಾರಗಳಲ್ಲೇ ಜನ ಹೆಚ್ಚು ಎಡವುತ್ತಾರೆ, ಯಾಕೆಂದರೆ ಅವಕ್ಕೆ ಅಲಗಿಲ್ಲ, ಮೊನೆಯಿಲ್ಲ. ಬಾಯಿಯ ಆಕಾರ ನೋಡಿ. ಅಕ್ಕಸಾಲಿಗನ ಚಿಮಟ, ಕಮ್ಮಾರನ ಇಕ್ಕಳ ಎರಡೂ ತಾವು ಹಿಡಿದ ವಸ್ತುವಿನ ಅಚ್ಚನ್ನೇ ಬಾಯಲ್ಲಿ ಉಳಿಸಿಕೊಂಡಿರುತ್ತವೆ.

3. ಸವೆತವನ್ನು ನಿಧಾನವಾಗಿ ನೋಡಿ

ಮುದ್ರೆ ಸುಳ್ಳು ಹೇಳಬಹುದು, ಅಂಗಡಿಯವನ ಕಥೆಯಂತೂ ಹೇಳಿಯೇ ಹೇಳುತ್ತದೆ, ಸವೆತ ಹೇಳುವುದಿಲ್ಲ. ತಲೆ ಅಣಬೆಯಾಗಿ ಅರಳಿದ್ದರೆ ಅದಕ್ಕೆ ಸುತ್ತಿಗೆಯ ಏಟು ಬಿದ್ದಿದೆ. ಉಳಿಯ ಮರದ ಹಿಡಿಯ ತುದಿಗೆ ಕಬ್ಬಿಣದ ಬಳೆ ಇದ್ದರೆ ಭಾರಿ ಕೊಡತಿಯ ಕೆಲಸ, ಇಲ್ಲದೆ ನುಣುಪಾಗಿದ್ದರೆ ಅಂಗೈಯಿಂದ ಒತ್ತಿದ ಸೂಕ್ಷ್ಮ ಕೆಲಸ. ಅಲಗನ್ನು ಒಂದೇ ಮಗ್ಗುಲಿಗೆ ಸಾಣೆ ಹಿಡಿದಿದ್ದಾರೆಯೇ, ಎರಡೂ ಕಡೆಯೇ? ಬಾಚಿಗೆ ಹಿಡಿಯ ಕಡೆಯ ಮಗ್ಗುಲಲ್ಲಿ ಇಳಿಜಾರು, ಕೊಡಲಿಗೆ ಸಾಮಾನ್ಯವಾಗಿ ಎರಡೂ ಕಡೆ. ಗರಗಸದ ಹಲ್ಲುಗಳು ಹಿಡಿಯ ಕಡೆಗೆ ವಾಲಿದ್ದರೆ ಅದು ಎಳೆದು ಕೊಯ್ಯುವ ಗರಗಸ. ನೆಲದ ಮೇಲೆ ಕೂತು, ಕಾಲಿನಲ್ಲಿ ಮರ ಅದುಮಿಕೊಂಡು ಕೆಲಸ ಮಾಡುವ ನಮ್ಮ ಬಡಗಿಗಳ ರೀತಿಗೆ ಅದೇ ಹೊಂದುತ್ತದೆ. ಹಲ್ಲು ಮುಂದಕ್ಕೆ ವಾಲಿದ್ದರೆ ನಿಂತು, ಬೆಂಚಿನ ಮೇಲೆ ಒತ್ತಿ ಕೊಯ್ಯುವ ಯುರೋಪಿನ ಪದ್ಧತಿ.

4. ಆ ಸೀಮೆಯ ಕಸುಬುಗಳ ಪಟ್ಟಿ ಮೊದಲೇ ಬರೆದುಕೊಳ್ಳಿ

ನಾಗಪುರದ ಸುತ್ತ ಹತ್ತಿ, ಕಿತ್ತಳೆ, ರಾಮ್ಟೇಕಿನ ವೀಳ್ಯದೆಲೆ, ಮ್ಯಾಂಗನೀಸ್ ಮತ್ತು ಕಲ್ಲಿದ್ದಲ ಗಣಿ, ನೇಕಾರ ಕೋಷ್ಟಿಗಳ ಮಗ್ಗ, ರೈಲು, ಕಾಮ್ಠಿಯ ದಂಡು. ಕೈಗೆ ಬಂದ ಸಾಮಾನನ್ನು ಮೊದಲು ಈ ಪಟ್ಟಿಯ ಪಕ್ಕ ಇಟ್ಟು ನೋಡಿ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಒಂದು ಗೇಣಿನಷ್ಟು ಉದ್ದದ ಗಟ್ಟಿ ಮರದ ತುಂಡು, ನಡು ಸಣ್ಣ, ಎರಡೂ ತುದಿ ದಪ್ಪ ಗುಂಡು. ನೋಡಿದವರು ವ್ಯಾಯಾಮದ ಡಂಬೆಲ್ ಎನ್ನುತ್ತಾರೆ, ಇಲ್ಲವೇ ಮಸಾಲೆ ಕುಟ್ಟುವ ಗೂಟ ಎನ್ನುತ್ತಾರೆ. ಕುಟ್ಟುವ ಗೂಟವಾಗಿದ್ದರೆ ತುದಿಯ ಮುಖ ಸವೆದು ಗುಳಿ ಬಿದ್ದಿರಬೇಕು. ಇಲ್ಲಿ ಮುಖ ಹಾಗೇ ಇದೆ, ಅಂಚು ಮಾತ್ರ ಸವೆದಿದೆ, ಅಲ್ಲಲ್ಲಿ ಹುರಿ ಎಳೆದ ಗೀರು. ಅಂದರೆ ಯಾವುದೋ ಬಿಗಿದ ಹುರಿ ಈ ಅಂಚಿಗೆ ಸಿಕ್ಕು, ಜಾರಿ, ಮತ್ತೆ ಸಿಕ್ಕು ಹೀಗೆ ವರ್ಷಗಟ್ಟಲೆ ಉಜ್ಜಿದೆ. ಇದು ಪಿಂಜಾರನ ಕೈಗೂಟ. ಆಳೆತ್ತರದ ಬಿಲ್ಲನ್ನು ತೂಗು ಹಾಕಿ, ಕರುಳಿನ ನರದ ಹೆದೆಯನ್ನು ಹತ್ತಿಯ ರಾಶಿಗೆ ತಾಗಿಸಿ, ಈ ಗೂಟದ ಅಂಚಿನಿಂದ ಹೆದೆ ಮೀಟುತ್ತಿದ್ದ. ಹೆದೆ ನಡುಗಿದಂತೆ ಹತ್ತಿ ಬಿಡಿಸಿಕೊಂಡು ಹಾರುತ್ತಿತ್ತು. ಕಲಬುರಗಿ, ರಾಯಚೂರು, ಗದಗ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿನ ಹಿರಿಯರ ಕಿವಿಯಲ್ಲಿ ಆ ಸದ್ದು ಇನ್ನೂ ಇದೆ. ಬಿಲ್ಲು ದೊಡ್ಡದು, ಮನೆಯಲ್ಲಿ ಇಡಲು ಜಾಗ ಸಾಲದೆ ಒಲೆ ಸೇರುತ್ತದೆ. ಗೂಟ ಒಂಟಿಯಾಗಿ ಉಳಿದು ಒಗಟಾಗುತ್ತದೆ.

5. ಮಿಲ್ಲಿನ ಹಿತ್ತಾಳೆಯನ್ನು ಆಟಿಕೆ ಎಂದುಕೊಳ್ಳಬೇಡಿ

ಮೂರು ಮಡಿಕೆಯ ಪುಟ್ಟ ಹಿತ್ತಾಳೆ ಸಾಮಾನು ಸಿಕ್ಕರೆ ಬಿಡಿಸಿ ನಿಲ್ಲಿಸಿ. ಮೇಲೆ ಮಸೂರ, ಕೆಳಗೆ ಒಂದು ಅಂಗುಲದ ಚೌಕ ಕಿಟಕಿ, ಅಂಚಿನಲ್ಲಿ ಅಳತೆಯ ಗೀಟು. ಇದು ಬಟ್ಟೆಯ ಮೇಲಿಟ್ಟು ಒಂದು ಅಂಗುಲಕ್ಕೆ ಹಾಸು ಎಷ್ಟು, ಹೊಕ್ಕು ಎಷ್ಟು ಎಂದು ಎಣಿಸುವ ಪಿಕ್ ಗ್ಲಾಸ್. ಅಂಚೆಚೀಟಿ ಸಂಗ್ರಹಿಸುವವರ ಭೂತಗನ್ನಡಿ ಎಂದು ಮಾರುವವರಿದ್ದಾರೆ. ಹಾಗೆಯೇ ತುದಿಯಲ್ಲಿ ಸಣ್ಣ ಕಚ್ಚು ಇರುವ ತೆಳು ಲೋಹದ ಪಟ್ಟಿ ಸಿಕ್ಕರೆ, ಹಣಿಗೆಯ ಹಲ್ಲುಗಳ ಸಂದಿಯಿಂದ ಎಳೆ ಎಳೆದುಕೊಳ್ಳುವ ಕೊಕ್ಕೆ ಇರಬಹುದೇ ನೋಡಿ.

6. ಅಲಗಿಲ್ಲದ ತುದಿಗೂ ಕೆಲಸವಿದೆ

ಮಡಚುವ ಚಿಕ್ಕ ಚಾಕು. ಒಂದು ತುದಿಯಲ್ಲಿ ಹರಿತವಾದ ಅಲಗು, ಇನ್ನೊಂದು ತುದಿಯಲ್ಲಿ ಮೂಳೆಯದೋ ದಂತದ್ದೋ ಮೊಂಡು ನಾಲಗೆ. ಕಾಗದ ಬಿಡಿಸುವುದು ಎನ್ನುವವರೇ ಜಾಸ್ತಿ. ಕಿತ್ತಳೆ ಸೀಮೆಯಲ್ಲಿ ಸಿಕ್ಕಿದ್ದರೆ ಕಣ್ಣು ಕಸಿ ಕಟ್ಟುವ ಚಾಕು ಎಂದೇ ಮೊದಲು ಯೋಚಿಸಿ. ನಾಗಪುರದ ಕಿತ್ತಳೆಯನ್ನು ಜಂಬೇರಿ ಗಿಡದ ಮೇಲೆ ಕಸಿ ಮಾಡುತ್ತಾರೆ. ತೊಗಟೆಯನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರಕ್ಕೆ ಸೀಳಿ, ಒಳಗಿನ ಹಸಿ ಪದರಕ್ಕೆ ಗಾಯವಾಗದಂತೆ ಆ ಮೊಂಡು ನಾಲಗೆಯಿಂದ ಮೆಲ್ಲಗೆ ಎಬ್ಬಿಸಿ, ಒಳಗೆ ಕಣ್ಣು ಕೂರಿಸುತ್ತಾರೆ.

7. ಇದು ಪೂರ್ತಿಯೇ, ಅರ್ಧವೇ?

ಬಾದಾಮಿಯ ಅರ್ಧದಂತಿರುವ ತೆಳು ಕಬ್ಬಿಣದ ತಗಡು, ಒಂದೇ ಅಂಚಿನಲ್ಲಿ ಸಾಲಾಗಿ ತೂತು. ಬಾಗಿಲ ಪಟ್ಟಿಯ ಚೂರಲ್ಲ, ಎತ್ತಿನ ಲಾಳ. ಕುದುರೆಯದು ಒಂಟಿ ಗೊರಸು, ಅದಕ್ಕೆ ಬಾಗಿದ ಒಂದೇ ಲಾಳ. ಎತ್ತಿನದು ಸೀಳು ಗೊರಸು, ಒಂದು ಕಾಲಿಗೆ ಎರಡು ತಗಡು, ಮೊಳೆ ಹೊರ ಅಂಚಿಗೆ ಮಾತ್ರ. ಹತ್ತಿ ತುಂಬಿದ ಗಾಡಿಗಳು ಜಲ್ಲಿ ರಸ್ತೆ ತುಳಿದ ಸೀಮೆಯಲ್ಲಿ ಇವು ಸಿಗದಿದ್ದರೇ ಆಶ್ಚರ್ಯ. ವಿದರ್ಭದಲ್ಲಿ ಶ್ರಾವಣದ ಅಮಾವಾಸ್ಯೆಗೆ ಎತ್ತುಗಳ ಹಬ್ಬ ಪೋಳಾ ಬರುತ್ತದೆ, ನಮ್ಮ ಕಾರಹುಣ್ಣಿಮೆಯ ಹಾಗೆ. ಎತ್ತಿನ ಸಾಮಾನಿನ ಬಗ್ಗೆ ಹಿರಿಯ ರೈತರನ್ನು ಕೇಳಲು ಅದಕ್ಕಿಂತ ಒಳ್ಳೆಯ ದಿನವಿಲ್ಲ.

8. ಮುದ್ರೆಯಿಂದ ಕಾಲ ಕಟ್ಟಿ

ಇಲ್ಲಿ ಸ್ವಲ್ಪ ಬಾಯಿಪಾಠ ಬೇಕು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲು ನಾಗಪುರ ಮುಟ್ಟಿದ್ದು 1867ರಲ್ಲಿ. 1951ರಲ್ಲಿ ಅದು ಮಧ್ಯ ರೈಲ್ವೆಯಲ್ಲಿ ಸೇರಿತು. ಬಂಗಾಳ ನಾಗಪುರ ರೈಲ್ವೆ ಹುಟ್ಟಿದ್ದು 1887ರಲ್ಲಿ, ಆ ಹೆಸರು ಹೋದದ್ದು 1952ರಲ್ಲಿ. ಆದ್ದರಿಂದ ಸ್ಪ್ಯಾನರಿನ ಮೇಲೆ ಬಿ.ಎನ್.ಆರ್. ಎಂದಿದ್ದರೆ ಅದರ ಕಾಲದ ಎರಡೂ ತುದಿ ಸಿಕ್ಕಂತೆ. ನಾಗಪುರದ ಮೋತಿಬಾಗಿನ ನ್ಯಾರೋ ಗೇಜ್ ರೈಲು ಸಂಗ್ರಹಾಲಯಕ್ಕೆ ಹೋಗಿ ಹೋಲಿಸಿ ನೋಡಬಹುದು.

ಮೂರು ಗೀಟಿನ ಮೇಲ್ಮುಖ ಬಾಣ ಬ್ರಿಟಿಷ್ ಸರ್ಕಾರಿ ಆಸ್ತಿಯ ಗುರುತು. ಕಾಮ್ಠಿಯಲ್ಲಿ 1821ರಿಂದ ದಂಡು ಇದ್ದುದರಿಂದ ಈ ಭಾಗದಲ್ಲಿ ಅದು ಕಣ್ಣಿಗೆ ಬಿದ್ದರೆ ಅಚ್ಚರಿಯಿಲ್ಲ. ವಜ್ರಾಕೃತಿಯೊಳಗೆ ಅಕ್ಷರಗಳಿದ್ದರೆ ಆ ವಿನ್ಯಾಸ ಬ್ರಿಟನ್ನಿನಲ್ಲಿ 1842 ಮತ್ತು 1883ರ ನಡುವೆ ನೋಂದಣಿಯಾಗಿದೆ. 1884ರಿಂದ ಬರೀ ಕ್ರಮಸಂಖ್ಯೆ. ವಿದೇಶಿ ಸರಕಿನ ಮೇಲೆ ತಯಾರಾದ ದೇಶದ ಹೆಸರು ಹಾಕುವ ರೂಢಿ ಬಲವಾದದ್ದು ಬ್ರಿಟನ್ನಿನ 1887ರ ಕಾಯಿದೆಯ ನಂತರ, ಭಾರತದಲ್ಲೂ 1889ರಲ್ಲಿ ಅಂಥದೇ ಕಾಯಿದೆ ಬಂತು. ‘ಪಶ್ಚಿಮ ಜರ್ಮನಿ’ ಎಂದಿದ್ದರೆ 1949ಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ. ‘ಕಾಸ್ಟ್ ಸ್ಟೀಲ್’ ಎಂಬುದು ಕಂಪನಿಯ ಹೆಸರಲ್ಲ, ಉಕ್ಕಿನ ಜಾತಿ. ಶೆಫೀಲ್ಡಿನ ಉಳಿ, ಗರಗಸಗಳಲ್ಲಿ ಅದು ಸಾಮಾನ್ಯ.

9. ಅಳೆಯಿರಿ, ತೂಗಿ, ಅಯಸ್ಕಾಂತ ಹಿಡಿಯಿರಿ

ಅಳತೆ ಅಂಗುಲಕ್ಕೆ ಸರಿಯಾಗಿ ಕೂತರೆ ಒಂದು ಕಥೆ, ಮಿಲಿಮೀಟರಿಗೆ ಕೂತರೆ ಇನ್ನೊಂದು. ಭಾರತದಲ್ಲಿ ಮೆಟ್ರಿಕ್ ತೂಕ ಬರತೊಡಗಿದ್ದು 1958ರ ಅಕ್ಟೋಬರಿನಿಂದ. ಗುಂಡು ಹಿತ್ತಾಳೆ ಬಿಲ್ಲೆ ಸುಮಾರು 933 ಗ್ರಾಂ ತೂಗಿದರೆ ಅದು ಎಂಬತ್ತು ತೊಲದ ಸೇರಿನ ತೂಕದ ಕಲ್ಲು. ಹಿತ್ತಾಳೆ ಬಣ್ಣದ್ದು ಅಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ.

10. ಸ್ಕ್ರೂ ನೋಡಿ, ಮೋಸ ತಿಳಿಯಿರಿ

ತಲೆಯಲ್ಲಿ ಅಡ್ಡ-ಉದ್ದ ಎರಡು ಸೀಳಿರುವ ಸ್ಟಾರ್ ಸ್ಕ್ರೂ ಮಾರುಕಟ್ಟೆಗೆ ಬಂದದ್ದೇ 1930ರ ದಶಕದ ನಡುವಿನಲ್ಲಿ. ಮೂಲದ್ದೇ ಎನ್ನುವ ‘ನೂರೈವತ್ತು ವರ್ಷದ’ ಹತಾರದಲ್ಲಿ ಅದಿದ್ದರೆ ಮಾತು ಮುಗಿಯಿತು. ಎಲ್ಲ ಕಡೆ ಒಂದೇ ಬಣ್ಣದ, ಒಂದೇ ದಪ್ಪದ ತುಕ್ಕೂ ಅನುಮಾನಕ್ಕೆ ದಾರಿ. ನಿಜವಾಗಿ ದುಡಿದ ಹತಾರ ಕೈ ಹಿಡಿದ ಕಡೆ ನುಣುಪು, ಹಿಡಿಯದ ಕಡೆ ಒರಟು.

11. ಕಸುಬುದಾರರನ್ನು ಹೆಸರು ಕೇಳಬೇಡಿ, ಹತಾರ ಕೈಗೆ ಕೊಡಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಫಲ ಕೊಟ್ಟ ಸೂತ್ರ ಇದು. ಮುದುಕ ಬಡಗಿ ಕಾಕಾ ಒಬ್ಬರನ್ನು ಕಂಡು, ನಮಸ್ಕಾರ ಹೇಳಿ, ಹತಾರವನ್ನು ಸುಮ್ಮನೆ ಕೈಗೆ ಕೊಟ್ಟುಬಿಡಿ. ಮಾತು ಬರುವ ಮೊದಲೇ ಬೆರಳುಗಳು ತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ, ಮಣಿಕಟ್ಟು ಒಂದು ದಿಕ್ಕಿಗೆ ಹೊರಳುತ್ತದೆ. ಅವರ ಒಪ್ಪಿಗೆ ಕೇಳಿ ಅದನ್ನು ವಿಡಿಯೊ ಮಾಡಿಕೊಳ್ಳಿ. ಆಮೇಲೆ ಮರಾಠಿಯಲ್ಲಿ ಅವರು ಹೇಳುವ ಹೆಸರನ್ನು ಹೇಳಿದ ಹಾಗೇ ಬರೆದುಕೊಳ್ಳಿ. ನೀವೇ ಊಹಿಸಿದ ಹೆಸರನ್ನು ಮುಂದಿಟ್ಟು ‘ಹೌದಲ್ಲವೇ?’ ಎಂದರೆ ಮರ್ಯಾದೆಗೆ ಹೌದು ಎಂದುಬಿಡುತ್ತಾರೆ.

ಸಂಗ್ರಹಾಲಯಗಳಿಗೂ ಹೋಗಿ. 1863ರಲ್ಲಿ ಆರಂಭವಾದ ನಾಗಪುರದ ಕೇಂದ್ರ ಸಂಗ್ರಹಾಲಯವನ್ನು ಊರಿನವರು ಅಜಬ್ ಬಂಗ್ಲಾ ಎನ್ನುತ್ತಾರೆ. ವಾರ್ಧಾದಲ್ಲಿ ಗಾಂಧೀಜಿ 1938ರಲ್ಲಿ ತೆರೆದ ಮಗನ್ ಸಂಗ್ರಹಾಲಯವಿದೆ, ಗ್ರಾಮೋದ್ಯೋಗಕ್ಕೆಂದೇ ಕಟ್ಟಿದ್ದು. ನಮ್ಮ ಕಡೆ ರಾಮನಗರದ ಜಾನಪದ ಲೋಕ. ಪುಸ್ತಕದಲ್ಲಿ ಹುಡುಕುವುದಾದರೆ ರಸೆಲ್ ಮತ್ತು ಹೀರಾಲಾಲ್ 1916ರಲ್ಲಿ ಮಧ್ಯ ಪ್ರಾಂತ್ಯಗಳ ಸಮುದಾಯಗಳ ಬಗ್ಗೆ ತಂದ ನಾಲ್ಕು ಸಂಪುಟ ತೆರೆಯಿರಿ. ಜಾತಿಗಳ ಬಗ್ಗೆ ಅವರು ಕೊಟ್ಟ ತೀರ್ಪುಗಳನ್ನು ಬದಿಗಿಟ್ಟು, ಕಸುಬಿನ ವರ್ಣನೆಗಳನ್ನು ಮಾತ್ರ ತೆಗೆದುಕೊಳ್ಳಿ.

12. ಮಣ್ಣಿನಿಂದ ಬಂದದ್ದಾದರೆ ಅಲ್ಲೇ ನಿಲ್ಲಿ

ನಾಗಪುರದ ನೆಲದ ವಿಷಯದಲ್ಲಿ ಇದು ಬರೀ ಕಾನೂನಿನ ಮಾತಲ್ಲ. ಊರಿನ ಹೊರಗೆ ಜುನಾಪಾಣಿ, ಮಾಹುರ್‌ಝರಿ ಕಡೆ ಕಬ್ಬಿಣ ಬಳಕೆಗೆ ಬಂದ ಕಾಲದ ಜನ ಕಟ್ಟಿದ ಕಲ್ಲಿನ ವೃತ್ತಗಳಿವೆ. ಮಾಹುರ್‌ಝರಿಯಲ್ಲಿ ಎಸ್. ಬಿ. ದೇವ್ 1970ರ ದಶಕದ ಆರಂಭದಲ್ಲಿ ಅಗೆದಾಗ ಕಬ್ಬಿಣದ ಕೊಡಲಿ, ಬಾಚಿ, ಉಳಿಗಳು ಸಿಕ್ಕವು. ಕೊಡಲಿಗಳಲ್ಲಿ ಒಂದು ವಿಶೇಷವಿದೆ. ಕಾವು ತೂರಿಸಲು ಅಲಗಿನಲ್ಲಿ ಕಣ್ಣಿಲ್ಲ, ಚಪ್ಪಟೆ ಅಲಗನ್ನು ಕಾವಿಗೆ ಕಟ್ಟಲು ಅಡ್ಡಡ್ಡ ಹಾಯುವ ಕಬ್ಬಿಣದ ಪಟ್ಟಿಗಳು. ಅಂಥ ಪಟ್ಟಿ ಒಂದೇ ಯಾರದೋ ಹೊಲದಲ್ಲಿ ಸಿಕ್ಕರೆ ಮುರುಕು ಬಳೆ ಎಂದು ಎಸೆಯುತ್ತಾರೆ. ಅಲಗಿನ ಪಕ್ಕದಲ್ಲೇ, ಬಿದ್ದ ಹಾಗೇ ಕಂಡರೆ ಮಾತ್ರ ಅದರ ಕೆಲಸ ತಿಳಿಯುತ್ತದೆ. ನಾಯ್ಕುಂಡದಲ್ಲಂತೂ ಕಬ್ಬಿಣ ಕರಗಿಸುವ ಕುಲುಮೆಯೇ ಸಿಕ್ಕಿದೆ, ಕಿಟ್ಟದ ಸಮೇತ.

ಆದ್ದರಿಂದ ಕಿತ್ತು ತರಬೇಡಿ. ಫೋಟೊ ತೆಗೆದು, ಜಾಗ ಗುರುತು ಮಾಡಿ, ಜಿಲ್ಲಾಧಿಕಾರಿಗೆ ಇಲ್ಲವೇ ಪುರಾತತ್ವ ಇಲಾಖೆಗೆ ತಿಳಿಸಿ. 1878ರ ನಿಧಿ ಕಾಯಿದೆ ಇನ್ನೂ ಜಾರಿಯಲ್ಲಿದೆ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕರಕುಶಲ ವಸ್ತುಗಳು ಪ್ರಾಚ್ಯವಸ್ತುಗಳಾಗಬಲ್ಲವು, ಅವನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಅಜ್ಜನ ಹತಾರ ಕಳಿಸುವವರು ಇದನ್ನು ಗಮನಿಸಬೇಕು.

13. ಖಚಿತ, ಬಹುಶಃ, ಗೊತ್ತಿಲ್ಲ

ಹತಾರಕ್ಕೆ ಕಟ್ಟುವ ಚೀಟಿಯಲ್ಲಿ ಈ ಮೂರರಲ್ಲಿ ಒಂದನ್ನು ಬರೆದೇ ಬರೆಯಿರಿ. ಗೊತ್ತಿಲ್ಲ ಎಂದು ಬರೆಯುವುದಕ್ಕೆ ಸಂಕೋಚ ಬೇಡ. ಬಾಲಾಘಾಟ್ ಜಿಲ್ಲೆಯ ಗುಂಗೇರಿಯಾ ಹಳ್ಳಿಯಲ್ಲಿ 1870ರಲ್ಲಿ 424 ತಾಮ್ರದ ವಸ್ತುಗಳೂ 102 ತೆಳು ಬೆಳ್ಳಿ ತಗಡುಗಳೂ ಒಟ್ಟಿಗೆ ಸಿಕ್ಕವು. ಅವುಗಳ ಪೈಕಿ ಕೆಲವು ನಾಗಪುರದ ಸಂಗ್ರಹಾಲಯಕ್ಕೆ ಬಂದವು, ಕೆಲವು ಲಂಡನ್ನಿಗೆ ಹೋದವು. ಅದರಲ್ಲಿ ಉದ್ದನೆಯ ತಾಮ್ರದ ಸಲಾಕೆಗಳಿವೆ, ತುದಿಗೆ ಉಳಿಯ ಹಾಗೆ ಬಾಯಿ. ಅದಿರು ಅಗೆಯುವ ಹತಾರವೋ, ಕೊಡಲಿಯೋ, ಹತಾರವೇ ಅಲ್ಲದ ತಾಮ್ರದ ಗಟ್ಟಿಯೋ ಎಂಬ ಚರ್ಚೆ ವಿದ್ವಾಂಸರ ನಡುವೆ ಇನ್ನೂ ಬಗೆಹರಿದಿಲ್ಲ. ಚರ್ಚೆ ಸಾಧ್ಯವಾದದ್ದೇ ಊರು, ವರ್ಷ, ಎಣಿಕೆ ದಾಖಲಾಗಿದ್ದರಿಂದ. ನಿಮ್ಮ ಚೀಟಿಯಲ್ಲೂ ಹೆಸರಿನ ಜಾಗ ಖಾಲಿ ಉಳಿದರೆ ಉಳಿಯಲಿ, ಎಲ್ಲಿ ಸಿಕ್ಕಿತು, ಯಾವಾಗ, ಯಾರ ಕೈಯಿಂದ, ಜೊತೆಯಲ್ಲಿ ಇನ್ನೇನಿತ್ತು ಎಂಬ ನಾಲ್ಕು ಸಾಲು ಖಾಲಿ ಬಿಡಬೇಡಿ. ಅಂಗಡಿಯಿಂದ ಹೊರಡುವ ಮೊದಲೇ ಬರೆದುಕೊಳ್ಳಿ, ಪೆನ್ಸಿಲಿನಲ್ಲಿ, ದಪ್ಪ ಕಾಗದದ ಮೇಲೆ, ಹತಾರಕ್ಕೆ ಹತ್ತಿಯ ದಾರದಿಂದ ಕಟ್ಟಿ.